ಇಲ್ಲದ ಅತ್ತೆ

ಶೌಚಾಲಯದ ಚಿಲಕ ಹಾಕಿಕೊಂಡು ಕೂತವಳಿಗೆ ಹೊರಗೆ ಯಾರೋ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಲ್ಲಿಯ ಸದ್ದು, ಆಮೇಲೆ ಚೀಲದ ಜಿಪ್ಪು ಎಳೆದ ಸದ್ದು, ಆಮೇಲೆ ಫೋನಿನ ಅರೆದನಿ. ಗುಟ್ಟು ಎಂದುಕೊಂಡು ಇಡೀ ಮಹಡಿಗೆ ಕೇಳುವ ಹಾಗೆ ಆಡುತ್ತಾರಲ್ಲ, ಆ ದನಿ. "ಇಲ್ಲ ಅಕ್ಕ, ನಂದು ಊಟ ಆದ್ಮೇಲೆ. ಬೆಳಿಗ್ಗೆ ಒಬ್ಬ ಹುಡುಗನ ಸಂದರ್ಶನ ಆಯ್ತು, ಇನ್ನು ಉಳಿದಿರೋದು ನಾನೊಬ್ಬಳೇ. ಹೂಂ, ಸಮಿತೀಲಿ ತುಕ್ಕಮ್ಮನೂ ಇದ್ದಾರೆ." ತುಕ್ಕಮ್ಮ ಎಂದರೆ ತಾನೇ. ನೆಲದಡಿಯ ನೀರಿನ ಕೊಳವೆಗಳು ಹೇಗೆ ತುಕ್ಕು ಹಿಡಿಯುತ್ತವೆ ಎಂದು ನೋಡುತ್ತ ನೋಡುತ್ತಲೇ ಕೂದಲು ನರೆತವಳಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅದು. ಅವಳಿಗೆ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಈ ಸಂಶೋಧನಾಲಯದ ಕಾಂಪೌಂಡು ದಾಟಿ ಆ ಹೆಸರು ಹೊರಗೂ ಹೋಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. "ಕೊನೇಲಿ ಅವರೇ ಕೇಳ್ತಾರಂತೆ. ನಗ್ತಾ ನಗ್ತಾ ಕೇಳ್ತಾರಂತೆ, ಮನೆ ಕಡೆ ಹೇಗಮ್ಮ ಅಂತ. ಅತ್ತೆ ಇದ್ದಾರೆ ಅಂತಾನೇ ಹೇಳ್ಬೇಕಂತೆ. ಅಮ್ಮ ಅಂದ್ರೆ ನಡೆಯಲ್ವಂತೆ, ಅಮ್ಮ ಯಾವಾಗ ಬೇಕಾದ್ರೂ ಅಣ್ಣನ ಮನೆಗೆ ಹೊರಟುಬಿಡ್ತಾಳೆ ಅಂದ್ಕೋತಾರಂತೆ. ಕೆಲಸದೋಳು ಅಂದ್ರೆ ಕತೆ ಮುಗೀತು. ಅತ್ತೆ ಅಂದ್ರೆ ಗಟ್ಟಿ." ಒಂದು ನಗು. "ಸತ್ತ ಅತ್ತೆನ ಎಲ್ಲಿಂದ ಎಬ್ಬಿಸ್ಕೊಂಡು ಬರ್ಲಿ ಅಕ್ಕ? ನನ್ನ ಮದುವೆಗೆ ಮುಂಚೇನೇ ಹೋದ್ರು ಪುಣ್ಯಾತ್ಗಿತ್ತಿ, ನಾನು ಮುಖಾನೂ ನೋಡಿಲ್ಲ."

ಒಳಗಿದ್ದವಳು ಕಾಲೆತ್ತಿದಳು. ಬಾಗಿಲಿನ ಕೆಳಗಿನ ಸಂದಿಯಲ್ಲಿ ತನ್ನ ಚಪ್ಪಲಿ ಕಾಣುತ್ತದೆ, ಈ ಕಟ್ಟಡದಲ್ಲಿ ಇಷ್ಟು ದಪ್ಪ ಅಟ್ಟೆಯ ಚಪ್ಪಲಿ ಹಾಕುವವಳು ತಾನೊಬ್ಬಳೇ ಎಂದು ಹೊಳೆದದ್ದೇ ತಡ, ಎರಡೂ ಕಾಲನ್ನು ಮೇಲೆತ್ತಿ ಮಂಡಿ ತಬ್ಬಿಕೊಂಡಳು. ಸೊಂಟ ಹಿಡಿದುಕೊಂಡಿತು. ಈ ವಯಸ್ಸಿನಲ್ಲಿ, ಇಷ್ಟು ಪ್ರಶಸ್ತಿ ಹೊತ್ತವಳು, ಕಳ್ಳಿಯ ಹಾಗೆ. ನೀರು ಬಿಡುವ ಹಾಗೂ ಇಲ್ಲ. ಹೊರಗೆ ಫೋನು ಮುಗಿಯಿತು, ಈಗ ಹೋಗುತ್ತಾಳೆ ಎಂದುಕೊಂಡರೆ ಹೋಗಲಿಲ್ಲ. ಕನ್ನಡಿಯ ಮುಂದೆ ನಿಂತಿರಬೇಕು. "ಅತ್ತೆ ನಮ್ಮ ಜೊತೆಗೇ ಇದ್ದಾರೆ ಮೇಡಂ," ಎಂದಳು. ತುಂಬ ಬೇಗ ಹೇಳಿದಳು. ಅವಳಿಗೂ ಹಾಗೇ ಅನ್ನಿಸಿತೇನೋ, ಮತ್ತೆ ಹೇಳಿದಳು. ಈ ಸಲ ನಕ್ಕು. ಮೂರನೆಯ ಸಲ 'ಜೊತೆಗೇ' ಎನ್ನುವಲ್ಲಿ ಸ್ವಲ್ಪ ಒತ್ತು ಕೊಟ್ಟು, "ಮಗೂನ ಅವರೇ ನೋಡ್ಕೋತಾರೆ, ನನಗೆ ಆ ಯೋಚನೆಯೇ ಇಲ್ಲ" ಎಂದು ಸೇರಿಸಿದಳು. ಅದು ಚೆನ್ನಾಗಿ ಬಂತು. ಒಳಗೆ ಮಂಡಿ ತಬ್ಬಿ ಕೂತಿದ್ದ ಪರೀಕ್ಷಕಿಗೆ, ನಾಚಿಕೆಯ ನಡುವೆಯೂ, ಅದಕ್ಕೆ ಅಂಕ ಕೊಡಬೇಕು ಅನ್ನಿಸಿಬಿಟ್ಟಿತು. ಹೊರಗಿನ ಬಾಗಿಲು ಬಡಿದುಕೊಂಡ ಮೇಲೂ ಅವಳು ಒಂದಷ್ಟು ಹೊತ್ತು ಕಾಲು ಇಳಿಸಲಿಲ್ಲ.

ಈ ಶೌಚಾಲಯವನ್ನು ಕೊಡಿಸಿದವಳೇ ಅವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಮಹಡಿಯಲ್ಲಿ ಹೆಂಗಸರಿಗೆಂದು ಏನೂ ಇರಲಿಲ್ಲ. ಎದುರು ಕಟ್ಟಡದ ಗ್ರಂಥಾಲಯಕ್ಕೆ ಹೋಗಬೇಕು, ಹೋಗುವಾಗ ದಾರಿಯಲ್ಲಿ ಸಿಕ್ಕವರು ಏನು ಮೇಡಂ, ಓದು ಜೋರಾ ಎನ್ನಬೇಕು, ಇವಳು ನಗಬೇಕು. ಅರ್ಜಿ ಬರೆದು, ಜಗಳ ಮಾಡಿ, ಕೊನೆಗೆ ಒಂದು ದಿನ ಆಮ್ಲದ ಬಾಟಲಿ ಇಡುತ್ತಿದ್ದ ಉಗ್ರಾಣವನ್ನು ಖಾಲಿ ಮಾಡಿಸಿ ಎರಡು ಬಾಗಿಲು ಹಾಕಿಸಿದಳು. ಇವತ್ತಿಗೂ ಮೂಲೆಯಲ್ಲಿ ಆ ಹುಳಿ ವಾಸನೆ ಇದೆ. ಅದೇ ಬಿಸಿಯಲ್ಲಿ ಇನ್ನೊಂದಕ್ಕೂ ಹೋರಾಡಿದಳು. ಆಯ್ಕೆ ಸಮಿತಿ ಎಂದ ಮೇಲೆ ಅದರಲ್ಲಿ ಒಬ್ಬ ಮಹಿಳೆ ಇರಲೇಬೇಕು, ಇಲ್ಲದಿದ್ದರೆ ಸಭೆಯೇ ನಡೆಯಕೂಡದು. ನಿಯಮ ಬಂತು. ಬಂದ ಮೇಲೆ ನೋಡಿದರೆ, ಸಮಿತಿಯಲ್ಲಿ ಕೂರುವಷ್ಟು ಹಿರಿಯಳಾದ ಹೆಂಗಸು ಇಡೀ ಸಂಸ್ಥೆಯಲ್ಲಿ ಅವಳೊಬ್ಬಳೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತು. ಗ್ರಂಥಾಲಯಕ್ಕೆ ಕುರ್ಚಿ ಕೊಳ್ಳುವ ಸಮಿತಿಯಿಂದ ಹಿಡಿದು ನಿರ್ದೇಶಕರ ನೇಮಕದ ಸಮಿತಿಯವರೆಗೆ ಅವಳಿಲ್ಲದೆ ಒಂದೂ ನಡೆಯುವುದಿಲ್ಲ. ಅವಳ ಉಪ್ಪುನೀರಿನ ಪೆಟ್ಟಿಗೆಯಲ್ಲಿ ನೇತುಹಾಕಿದ ಉಕ್ಕಿನ ತುಂಡುಗಳು ಮಾತ್ರ ಕೇಳುವವರಿಲ್ಲದೆ ನೇತಾಡುತ್ತಿರುತ್ತವೆ. ಕೈ ತೊಳೆದು ಕನ್ನಡಿ ನೋಡಿಕೊಂಡಳು. ನಗ್ತಾ ನಗ್ತಾ ಕೇಳ್ತಾರಂತೆ. ನಕ್ಕು ನೋಡಿದಳು. ಒಳ್ಳೆಯ ನಗುವೇ ಇತ್ತು, ದೊಡ್ಡಮ್ಮನ ನಗು.

ಊಟಕ್ಕೆ ಮನಸ್ಸಿರಲಿಲ್ಲ. ಎರಡು ಬಿಸ್ಕತ್ತು ತಿಂದು ಕಾರಿಡಾರಿನಲ್ಲಿ ಬಂದರೆ ಸಂದರ್ಶನದ ಕೋಣೆಯ ಎದುರಿನ ಬೆಂಚಿನಲ್ಲಿ ಆ ಫೋನಿನ ಹುಡುಗಿ ಕೂತಿದ್ದಳು. ಮಡಿಲಲ್ಲಿ ಹಳದಿ ಚೀಲ. ಅದರ ಜಿಪ್ಪಿನ ಸದ್ದು ತನಗೆ ಗೊತ್ತು ಎನ್ನುವುದೇ ಒಂದು ಅಪರಾಧದ ಹಾಗೆ ಕಂಡಿತು. ದಡಬಡಿಸಿ ಎದ್ದು "ನಮಸ್ಕಾರ ಮೇಡಂ" ಎಂದಳು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು, ತೋಳಿನ ಮೇಲೆ ಒಣಗಿದ ಹಾಲಿನ ಕಲೆಯಂಥದ್ದೇನೋ. ಕೂತ್ಕೋ ಅಮ್ಮ, ಕೂತ್ಕೋ ಎಂದವಳು, ಆ 'ಅಮ್ಮ' ಎಷ್ಟು ಸಲೀಸಾಗಿ ತನ್ನ ಬಾಯಿಂದ ಬಂತು ಎಂದು ಗಮನಿಸಿ ಹುಳ್ಳಗಾದಳು. ಬೆಳಿಗ್ಗೆ ಬಂದಿದ್ದ ಹುಡುಗನಿಗೆ ಅಪ್ಪ ಎಂದಿರಲಿಲ್ಲ. ಕೇಳಬಾರದು, ಇವತ್ತು ಕೇಳುವುದಿಲ್ಲ ಎಂದು ನಿರ್ಧರಿಸಿದ್ದು ಆ ಬೆಂಚಿನ ಮುಂದೆಯೇ. ಹೇಳಿಬಿಡಬೇಕು ಅನ್ನಿಸಿತು, ನೀನು ಅತ್ತೆಯನ್ನು ಕರೆತರಬೇಕಾಗಿಲ್ಲ ಎಂದು. ಹೇಳಿದರೆ ಕೇಳಿಸಿಕೊಂಡಿದ್ದು ಗೊತ್ತಾಗುತ್ತದೆ. ಅಭ್ಯರ್ಥಿಯ ಜೊತೆ ಸಮಿತಿಯವರು ಹೊರಗೆ ಮಾತಾಡಿದ್ದನ್ನು ಯಾರಾದರೂ ನೋಡಿದರೆ ಈ ಹುಡುಗಿಯ ಅರ್ಜಿಯೇ ಬಿದ್ದುಹೋಗುತ್ತದೆ. ಬಾಗಿಲು ತಳ್ಳಿ ಒಳಗೆ ಹೋದಳು.

ಆ ಪ್ರಶ್ನೆ ಅವಳ ಪಾಲಿಗೆ ಬಂದ ಬಗೆ ಹೀಗಿತ್ತು. ಮನೆ, ಮದುವೆ, ಮಕ್ಕಳು, ಇವುಗಳ ಬಗ್ಗೆ ಸಂದರ್ಶನದಲ್ಲಿ ಕೇಳಕೂಡದು ಎಂದು ಮೇಲಿನಿಂದ ಆದೇಶ ಬಂದ ಮೇಲೆ ನಡೆದ ಮೊದಲ ಸಭೆಯಲ್ಲಿ ಅಧ್ಯಕ್ಷರು ಕನ್ನಡಕ ಒರೆಸುತ್ತ ಅವಳ ಕಡೆ ತಿರುಗಿದ್ದರು. "ಇನ್ಮೇಲೆ ನಾವು ಕೇಳೋ ಹಾಗಿಲ್ಲ ಮೇಡಂ. ನಾವು ಕೇಳಿದ್ರೆ ತಪ್ಪು. ನೀವು ಕೇಳಿದ್ರೆ ಅದು ಕಾಳಜಿ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವಳಿಗೆ ಅವತ್ತೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಯೋಚಿಸಿದಳು: ಕೇಳದಿದ್ದರೆ ಇವರು ಸುಮ್ಮನಿರುತ್ತಾರೆಯೇ? ಮನಸ್ಸಿನಲ್ಲೇ ಕೇಳಿಕೊಂಡು ಮನಸ್ಸಿನಲ್ಲೇ ಉತ್ತರ ಬರೆದುಕೊಳ್ಳುತ್ತಾರೆ. ಅದಕ್ಕಿಂತ ಹುಡುಗಿಯರ ಬಾಯಲ್ಲೇ ಉತ್ತರ ಬರಲಿ, ಇವರ ಅನುಮಾನ ಇಲ್ಲೇ ಸಾಯಲಿ. ಹಾಗೆ ಒಬ್ಬಳನ್ನು ಉಳಿಸಿದಳು ಕೂಡ. ಈಗ ಪಕ್ಕದ ಪ್ರಯೋಗಾಲಯದಲ್ಲಿ ಲೋಹಕ್ಕೆ ಬಣ್ಣದ ಲೇಪ ಕೊಡುವ ಕೆಲಸ ಮಾಡುತ್ತಿರುವ ಹುಡುಗಿ. ಬೇಡ ಎಂದು ತಲೆ ಆಡಿಸುತ್ತಿದ್ದವರು, ಅತ್ತೆ ಜೊತೆಗಿದ್ದಾರೆ ಎಂದು ಅವಳು ಹೇಳಿದ ಕೂಡಲೇ ಸರಿ ಎಂದಿದ್ದರು. ಆ ಸಂಜೆ ಮನೆಗೆ ಹೋಗುವಾಗ ತುಕ್ಕಮ್ಮ ಹಾಡು ಗುನುಗಿದ್ದಳು. ಆಮೇಲೊಂದು ದಿನ ಮೆಟ್ಟಿಲಲ್ಲಿ ಆ ಹುಡುಗಿ ಸಿಕ್ಕಾಗ ಅತ್ತೆ ಹೇಗಿದ್ದಾರಮ್ಮ ಎಂದು ಕೇಳಿದರೆ, "ಯಾರತ್ತೆ?" ಎಂದುಬಿಟ್ಟಳು. ತಕ್ಷಣ, "ಓ, ಚೆನ್ನಾಗಿದ್ದಾರೆ ಮೇಡಂ, ಊರಿಗೆ ಹೋಗಿದ್ದಾರೆ." ಅವಳ ಅತ್ತೆ ಯಾವಾಗ ಕೇಳಿದರೂ ಊರಿಗೇ ಹೋಗಿರುತ್ತಿದ್ದರು. ಇವಳಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಸೂಜಿಮೊನೆಯಷ್ಟು ಗುಳಿ ಬಿದ್ದ ಉಕ್ಕನ್ನು ಬರಿಗಣ್ಣಲ್ಲಿ ಹಿಡಿಯುವವಳಿಗೆ. ಈಗ ಲೆಕ್ಕ ಹಾಕಿದರೆ, ಈ ಕಟ್ಟಡದ ಹುಡುಗಿಯರ ಮನೆಗಳಲ್ಲಿ ತಾನು ಎಷ್ಟು ಮಂದಿ ಇಲ್ಲದ ಅತ್ತೆಯರನ್ನು ಕೂರಿಸಿದ್ದೇನೋ. ಇದ್ದ ಅತ್ತೆಯ ಕಾಟ ತಾಳಲಾರದೆ ಹೆಣ್ಣುಮಕ್ಕಳು ಅಳುವುದನ್ನು ಕೇಳಿದ್ದಳು. ಇಲ್ಲದ ಅತ್ತೆಯ ಕಾಟ ಕೊಟ್ಟವಳು ತಾನೊಬ್ಬಳೇ ಇರಬೇಕು.

ಕೋಣೆಯಲ್ಲಿ ಅಧ್ಯಕ್ಷರು ಆಗಲೇ ಬಂದು ಕೂತಿದ್ದರು. ಅವರ ಬಲಕ್ಕೆ ಬೇರೆ ಸಂಸ್ಥೆಯಿಂದ ಬಂದ ತಜ್ಞರು, ಸಪೂರ ಮನುಷ್ಯ, ಬೆಳಗಿನ ಹುಡುಗನನ್ನು ಮೆಚ್ಚಿಕೊಂಡ ಖುಷಿ ಇನ್ನೂ ಅವರ ಮುಖದಿಂದ ಇಳಿದಿರಲಿಲ್ಲ. ಮೇಜಿನ ತುದಿಯಲ್ಲಿ ಆಡಳಿತಾಧಿಕಾರಿ, ಟಿಪ್ಪಣಿ ಬರೆದುಕೊಳ್ಳುವುದು ಬಿಟ್ಟರೆ ಬಾಯಿಗೆ ಬೀಗ ಹಾಕಿಕೊಂಡಿರುವುದೇ ಅವನ ಕೆಲಸ. ಇರುವುದೊಂದೇ ಹುದ್ದೆ. ಬೆಳಗಿನ ಹುಡುಗ ಇಲ್ಲವೇ ಈ ಹಳದಿ ಚೀಲದವಳು. ಹುಡುಗ ಮಾತಿನ ಮಲ್ಲ, ಗೊತ್ತಿಲ್ಲದ್ದನ್ನೂ ಗೊತ್ತಿರುವುದಕ್ಕಿಂತ ಚೆಂದವಾಗಿ ಹೇಳುತ್ತಿದ್ದ. "ಬೆಂಕಿ ಸರ್ ಆ ಹುಡುಗ," ಎಂದು ತಜ್ಞರು ಊಟದ ಮೇಲೂ ಹೇಳುತ್ತಿದ್ದರು. ಅಧ್ಯಕ್ಷರು ನಗುತ್ತ, ನೋಡೋಣ, ಇನ್ನೊಬ್ಬರದೂ ಕೇಳಿಬಿಡೋಣ ಎಂದು ಗಂಟೆ ಒತ್ತಿದರು. ಅವರು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. ಅವಳ ಮಗಳ ಮದುವೆಗೆ ಕಾರು ಕಳಿಸಿದವರು, ಅವಳ ಗಂಡ ಆಸ್ಪತ್ರೆಯಲ್ಲಿದ್ದಾಗ ದಿನಾ ಬಂದು ಬಾಗಿಲಲ್ಲಿ ನಿಂತು ಹೋದವರು.

ಹಳದಿ ಚೀಲದವಳು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮೊದಲ ಮಾತುಗಳು ತಡವರಿಸಿದವು. ಹಳೆಯ ಕೊಳವೆಯ ಒಳಗೋಡೆಗೆ ಕಟ್ಟಿಕೊಳ್ಳುವ ತುಕ್ಕಿನ ಹಕ್ಕಳೆಯನ್ನು ಎಲ್ಲರೂ ರೋಗ ಎನ್ನುತ್ತಾರೆ, ಕೆರೆದು ತೆಗೆಯುತ್ತಾರೆ. ತನ್ನ ಪ್ರಕಾರ ಕೆಲವು ಬಗೆಯ ನೀರಿನಲ್ಲಿ ಆ ಹಕ್ಕಳೆಯೇ ಕೊಳವೆಯನ್ನು ಹಿಡಿದು ನಿಲ್ಲಿಸಿರುತ್ತದೆ, ಕೆರೆದ ಮೇಲೇ ಸೋರಲು ಶುರುವಾಗುತ್ತದೆ. ಇದನ್ನು ಹೇಳುವ ಹೊತ್ತಿಗೆ ತಡವರಿಕೆ ಹೋಗಿತ್ತು, ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಆರಾಮವಾಗಿ ಕೂತಿದ್ದಳು. ತುಕ್ಕಮ್ಮನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ತಜ್ಞರು ಹಾಳೆ ತಿರುವಿ ತಿರುವಿ ಒಂದು ಕಡೆ ಬೆರಳಿಟ್ಟರು. "ಇಲ್ಲಿ ಮಧ್ಯೆ ಒಂದು ದೊಡ್ಡ ಖಾಲಿ ಇದೆಯಲ್ಲ? ಲ್ಯಾಬೂ ಇಲ್ಲ, ಪೇಪರೂ ಇಲ್ಲ. ಏನು ಮಾಡ್ತಿದ್ರಿ?" ಏನು ಮಾಡುತ್ತಿದ್ದಳು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹುಡುಗಿ ತಜ್ಞರ ಕಡೆಗೇ ತಿರುಗಿದಳು. "ಲ್ಯಾಬ್ ಇರ್ಲಿಲ್ಲ ಸರ್. ಆದ್ರೆ ಕೆಲಸ ನಿಲ್ಲಿಸಿರ್ಲಿಲ್ಲ. ಕೊಳವೆ ತುಂಡುಗಳನ್ನ ಮನೇಲೇ ಗಾಜಿನ ಜಾಡಿಗಳಲ್ಲಿ ನೀರು ಹಾಕಿ ಇಟ್ಟಿದ್ದೆ. ವಾರಕ್ಕೊಂದು ಸಲ ತೂಕ ಮಾಡ್ತಿದ್ದೆ. ಈ ಕೊನೇ ಚಿತ್ರದಲ್ಲಿರೋದೆಲ್ಲ ಆ ಜಾಡಿಗಳದ್ದೇ." ತಜ್ಞರು ಹಾಳೆ ಕೆಳಗಿಟ್ಟರು. "ಅಡುಗೆಮನೇಲಿ?" "ಹೌದು ಸರ್, ಅಡುಗೆಮನೇಲಿ. ಮೇಲಿನ ಗೂಡಲ್ಲಿ, ಮಗೂಗೆ ಎಟುಕಬಾರದು ಅಂತ." ತಜ್ಞರು ಅಧ್ಯಕ್ಷರ ಕಡೆ ನೋಡಿ ಮುಗುಳ್ನಕ್ಕರು. ಅಧ್ಯಕ್ಷರೂ ನಕ್ಕರು, ಸೌಜನ್ಯಕ್ಕೆ.

ತುಕ್ಕಮ್ಮ ಆ ಕೊನೆಯ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಯಾವ ಪ್ರಯೋಗಾಲಯವೂ ಇಷ್ಟು ದೀರ್ಘ ಕಾಲ ಒಂದು ತುಂಡು ಕಬ್ಬಿಣವನ್ನು ನೀರಲ್ಲಿ ಬಿಟ್ಟು ಕಾಯುವುದಿಲ್ಲ. ಅನುದಾನ ಮುಗಿಯುತ್ತದೆ, ವಿದ್ಯಾರ್ಥಿ ಹೊರಟುಹೋಗುತ್ತಾನೆ, ಯಾರೋ ಜಾಗ ಬೇಕೆಂದು ಜಾಡಿ ಎತ್ತಿ ಚೆಲ್ಲುತ್ತಾರೆ. ತನ್ನದೂ ಎಷ್ಟು ಚೆಲ್ಲಿ ಹೋಗಿಲ್ಲ. ಇಲ್ಲಿ ಇವಳು, ಹಾಲು ಕಾಯಿಸುತ್ತ, ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು, ತಾನು ಇಡೀ ಆಯುಷ್ಯದಲ್ಲಿ ನೋಡಲಾಗದ ರೇಖೆಯೊಂದನ್ನು ಪಡೆದುಕೊಂಡಿದ್ದಾಳೆ: ಏರಿ, ಏರಿ, ಆಮೇಲೆ ತುಕ್ಕು ತಾನಾಗಿಯೇ ತಡೆದುಕೊಂಡು ನಿಧಾನವಾಗಿ ಮಲಗುವ ರೇಖೆ. ಹೊಟ್ಟೆಕಿಚ್ಚಾಯಿತು. ಶುದ್ಧವಾದ, ಆರೋಗ್ಯಕರವಾದ ಹೊಟ್ಟೆಕಿಚ್ಚು, ಬಹಳ ವರ್ಷಗಳಿಂದ ಆಗಿರಲಿಲ್ಲ. ಆಗಲೇ ಅಧ್ಯಕ್ಷರು ಎಂದಿನ ದನಿಯಲ್ಲಿ ಎಂದಿನ ಮಾತು ಹೇಳಿದರು. "ಮೇಡಂ, ನಿಮ್ಮದೇನಾದ್ರೂ ಕೇಳೋದಿದೆಯಾ?" ತಜ್ಞರು ಮೇಜು ನೋಡಿದರು. ಆಡಳಿತಾಧಿಕಾರಿ ಪೆನ್ನು ಕೆಳಗಿಟ್ಟ. ಈ ಪ್ರಶ್ನೆ ಟಿಪ್ಪಣಿಗೆ ಹೋಗುವುದಿಲ್ಲ. ಎದುರಿಗೆ ಹುಡುಗಿಯ ಮುಖದಲ್ಲಿ, ಊಟಕ್ಕೆ ಮುಂಚೆ ಕನ್ನಡಿಯ ಮುಂದೆ ತಯಾರಾದ ನಗು ಬಂದು ನಿಂತಿತು.

"ಜಾಡಿಗಳ ಬಾಯಿ ಮುಚ್ಚಿದ್ರಾ, ತೆರೆದಿಟ್ಟಿದ್ರಾ?" ಎಂದು ತುಕ್ಕಮ್ಮ ಕೇಳಿದಳು. ಅಧ್ಯಕ್ಷರು ತಲೆ ಎತ್ತಿದರು. ಹುಡುಗಿ ಒಂದು ಕ್ಷಣ ಅರ್ಥವಾಗದವಳ ಹಾಗೆ ನೋಡಿ, ಆಮೇಲೆ ಅರ್ಥವಾಗಿ, "ಅರ್ಧ ಮುಚ್ಚಿ, ಅರ್ಧ ತೆರೆದಿಟ್ಟಿದ್ದೆ ಮೇಡಂ. ಗಾಳಿ ತಾಗೋದ್ರಿಂದ ಎಷ್ಟು, ನೀರಿಂದ ಎಷ್ಟು ಅಂತ ಬೇರೆ ಮಾಡ್ಬೇಕಿತ್ತಲ್ಲ. ಅಡುಗೆ ಎಣ್ಣೆಯ ಹೊಗೆ ಕೂರಬಹುದು ಅಂತ ಎರಡು ಜಾಡಿ ಮಲಗೋ ಕೋಣೇಲಿ ಇಟ್ಟಿದ್ದೆ. ಹೋಲಿಸಿ ನೋಡೋಕೆ," ಎಂದಳು. ಇನ್ನೇನು ಬೇಕು? ಬೆಳಗಿನ ಬೆಂಕಿಗೆ ಈ ಬುದ್ಧಿ ಹೊಳೆಯಲು ಇನ್ನೊಂದು ಜನ್ಮ ಬೇಕು. "ಅಷ್ಟೇ. ನನ್ನದು ಮುಗೀತು," ಎಂದಳು. "ಮುಗೀತಾ?" ಎಂದರು ಅಧ್ಯಕ್ಷರು. "ಬೇರೇನೂ ಇಲ್ವಾ ಮೇಡಂ?" "ಇಲ್ಲ." ಸರಿ, ನೀವು ಹೊರಡಬಹುದು ಎಂದರು ಅಧ್ಯಕ್ಷರು, ಒಂದು ಮೆಟ್ಟಿಲು ತಪ್ಪಿದವರ ದನಿಯಲ್ಲಿ.

ಹುಡುಗಿ ಏಳಲಿಲ್ಲ. ಅವಳ ನಗು ಮೆಲ್ಲಗೆ ಆರಿತು, ಅದರ ಜಾಗಕ್ಕೆ ಬಂದದ್ದನ್ನು ನೋಡಿ ತುಕ್ಕಮ್ಮನಿಗೆ ದಿಗಿಲಾಯಿತು. ತಾನು ಕೊಟ್ಟಿದ್ದು ಬಿಡುಗಡೆ ಎಂದುಕೊಂಡಿದ್ದಳು. ಹುಡುಗಿಗೆ ಅದು ಬಾಗಿಲು ಮುಚ್ಚಿದ ಹಾಗೆ ಕೇಳಿಸಿತ್ತು. ಎಲ್ಲರನ್ನೂ ಕೇಳುತ್ತಾರಂತೆ, ನನ್ನನ್ನು ಕೇಳಲೇ ಇಲ್ಲ. ಅಂದರೆ ನನ್ನನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಇದೆಲ್ಲ ಆ ಮುಖದಲ್ಲಿ ಕಾಣುತ್ತಿತ್ತು. ಬೇಡ, ಹೇಳಬೇಡ ಎಂದು ಇವಳು ಕಣ್ಣಲ್ಲೇ ಬೇಡಿಕೊಂಡಳು. ಕಣ್ಣಿನ ಭಾಷೆ ಅರ್ಥವಾಗುವಷ್ಟು ಪರಿಚಯ ಇಬ್ಬರಿಗೂ ಇರಲಿಲ್ಲ. ಹುಡುಗಿ ಎದ್ದು, ಚೀಲ ಎದೆಗವಚಿಕೊಂಡು, ಎರಡು ಹೆಜ್ಜೆ ಹೋಗಿ ತಿರುಗಿದಳು. "ಅತ್ತೆ ನಮ್ಮ ಜೊತೆಗೇ ಇದ್ದಾರೆ ಮೇಡಂ," ಎಂದಳು. "ಮಗೂನ ಅವರೇ ನೋಡ್ಕೋತಾರೆ. ನನಗೆ ಆ ಯೋಚನೆಯೇ ಇಲ್ಲ." ಕನ್ನಡಿಯ ಮುಂದೆ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ. ಬಾಗಿಲು ಮುಚ್ಚಿಕೊಂಡಿತು.

"ನೋಡಿ," ಎಂದರು ಅಧ್ಯಕ್ಷರು, ಪೂರಾ ಗೆಲುವಾಗಿ. "ಯಾರೂ ಕೇಳ್ಲೇ ಇಲ್ಲ. ಅವಳೇ ಹೇಳಿದಳು. ನಿಯಮ ಮುರಿದ ಹಾಗೂ ಆಗ್ಲಿಲ್ಲ, ವಿಷಯಾನೂ ತಿಳೀತು." ಇನ್ನು ಮುಂದೆ ತನ್ನ ನಗುವಿನ ಅಗತ್ಯವೂ ಇಲ್ಲ ಎಂದು ಅವಳಿಗೆ ಹೊಳೆಯಿತು. ಪ್ರಶ್ನೆ ತನ್ನ ಕೈಬಿಟ್ಟು ತಾನೇ ಓಡಾಡಲು ಕಲಿತಿದೆ. ಸಿಟ್ಟಿನ ಭರದಲ್ಲಿ ಮಾತು ಶುರು ಮಾಡಿದಳು, ಜಾಡಿಗಳ ಬಗ್ಗೆ, ಆ ರೇಖೆಯ ಬಗ್ಗೆ, ಗಾಳಿ ಮತ್ತು ನೀರನ್ನು ಬೇರೆ ಮಾಡಿದ ಜಾಣತನದ ಬಗ್ಗೆ. ಇಂಥ ದತ್ತಾಂಶ ಯಾರ ಬಳಿಯೂ ಇಲ್ಲ ಎಂದಳು. ತಜ್ಞರು ಕೇಳಿಸಿಕೊಂಡರು, ಅದು ಅವರ ದೊಡ್ಡ ಗುಣ. "ಕೆಲಸ ಚೆನ್ನಾಗಿದೆ, ಒಪ್ತೀನಿ ಮೇಡಂ," ಎಂದರು. "ಹುಡುಗನಿಗಿಂತ ಒಂದು ಕೈ ಮೇಲೇ ಅನ್ನಿ. ಆದ್ರೆ ಇನ್ನೊಂದು ಮಗು ಅಂತ ಮತ್ತೆ ಬಿಟ್ಟು ಹೋದ್ರೆ? ಹುದ್ದೆ ಇರೋದು ಒಂದು." "ಅತ್ತೆ ಇದ್ದಾರಲ್ಲ," ಎಂದರು ಅಧ್ಯಕ್ಷರು. ತಜ್ಞರು ಮೂಗು ಮುರಿದರು. "ಅಯ್ಯೋ ಬಿಡಿ ಸರ್. ನಮ್ಮಲ್ಲೂ ಸಂದರ್ಶನದ ದಿನ ಎಲ್ಲ ಹೆಣ್ಮಕ್ಕಳಿಗೂ ಅತ್ತೆ ಇರ್ತಾರೆ. ಕೆಲಸಕ್ಕೆ ಸೇರಿದ ಮೇಲೆ ನೋಡಿದ್ರೆ ಒಬ್ಬರಿಗೂ ಇರಲ್ಲ."

"ಅತ್ತೆ ಇಲ್ಲದಿದ್ರೆ ಏನೀಗ?" ಎಂದಳು. ದನಿ ಅವಳು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. "ಇಲ್ಲ ಅಂತಾನೇ ಇಟ್ಕೊಳ್ಳಿ. ಆಗ ಆ ಜಾಡಿಗಳು ಒಡೆದುಹೋಗುತ್ವಾ?" ಅಧ್ಯಕ್ಷರು ಆಶ್ಚರ್ಯದಿಂದ ನೋಡಿದರು. ಅವರ ಮುಖದಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾದ ಗೊಂದಲ ಇತ್ತು. "ಇದೇನು ಮೇಡಂ ಹೀಗಂತೀರಿ? ಅತ್ತೆ ಇಲ್ಲ ಅಂದಿದ್ರೆ ನೀವೇ ಬೇಡ ಅಂತಿದ್ರಿ. ಹೋದ ಸಲ, ಆ ಉದ್ದ ಜಡೆಯ ಹುಡುಗಿ, ಯಾರೂ ಇಲ್ಲ ಮೇಡಂ, ನಾನೇ ನೋಡ್ಕೋತೀನಿ ಅಂತ ನೇರವಾಗಿ ಹೇಳಿದಳಲ್ಲ. ನಾನೂ ಆಗ ಬಂದಿದ್ದ ತಜ್ಞರೂ ತಗೊಳ್ಳೋಣ ಅಂತಿದ್ವಿ. ಪಾಪ ಕಷ್ಟ ಆಗುತ್ತೆ ಅವಳಿಗೆ, ಮಗು ಸ್ವಲ್ಪ ದೊಡ್ಡದಾಗ್ಲಿ ಅಂದೋರು ಯಾರು?" ಹೌದು. ಅಂದಿದ್ದಳು. ಇದೇ ಕುರ್ಚಿ, ಇದೇ ಚಹದ ಲೋಟ, ನಿಜವಾದ ಮರುಕದಿಂದಲೇ ಅಂದಿದ್ದಳು. ಸುಳ್ಳು ಹೇಳಿದವರನ್ನೆಲ್ಲ ಒಳಗೆ ಬಿಟ್ಟು, ನಿಜ ಹೇಳಿದ ಒಬ್ಬಳನ್ನು ಹೊರಗೆ ಕಳಿಸಿ, ಆ ಸಂಜೆ ಯಾವುದೋ ಸಭೆಗೆ ಹೋಗಿ ವಿಜ್ಞಾನದಲ್ಲಿ ಮಹಿಳೆಯರು ಏಕೆ ಕಡಿಮೆ ಎಂದು ಭಾಷಣ ಮಾಡಿದ್ದಳು. ಚಪ್ಪಾಳೆ ಬಿದ್ದಿತ್ತು. ಆ ಜಡೆಯ ಹುಡುಗಿ ಈಗ ಎಲ್ಲಿದ್ದಾಳೋ.

"ಹಾಗಾದ್ರೆ ಹುಡುಗನಿಗೇ ಹಾಕೋಣವಾ?" ಎಂದರು ತಜ್ಞರು. "ಆ ಅತ್ತೆ ನಿಜವಾಗ್ಲೂ ಇದ್ದಾರೆ ಅಂತ ಗೊತ್ತಿದ್ರೆ ನನ್ನದೇನೂ ತಕರಾರಿರ್ಲಿಲ್ಲ." ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ಸುಮ್ಮನಿದ್ದರೆ ಹುಡುಗಿ ಹೋಗುತ್ತಾಳೆ. ನಿಜ ಹೇಳಿದರೆ ಸುಳ್ಳಿ ಎನ್ನಿಸಿಕೊಂಡು ಹೋಗುತ್ತಾಳೆ. ಇಷ್ಟು ವರ್ಷ ತುಕ್ಕಮ್ಮ ಒಂದು ಅಂಕಿಯನ್ನೂ ತಿದ್ದಿದವಳಲ್ಲ, ಬೇಕಾದ ಉತ್ತರ ಬರಲಿಲ್ಲವೆಂದು ಒಂದು ತುಂಡು ಉಕ್ಕನ್ನೂ ಎಸೆದವಳಲ್ಲ. ವಿದ್ಯಾರ್ಥಿಯೊಬ್ಬ ಹಾಗೆ ಮಾಡಿದಾಗ ಅವನನ್ನು ಸಂಸ್ಥೆಯಿಂದಲೇ ಓಡಿಸಿದವಳು.

"ಇದ್ದಾರೆ," ಎಂದಳು. "ನಾನು ನೋಡಿದೆ."

ಇಬ್ಬರೂ ಅವಳ ಕಡೆ ತಿರುಗಿದರು. "ಬೆಳಿಗ್ಗೆ ಬರುವಾಗ ಕೆಳಗೆ ಕೂತಿದ್ರು, ಮರದ ಕೆಳಗಿನ ಕಟ್ಟೆ ಮೇಲೆ. ಮಗು ಅವರ ಕಾಲ ಮೇಲೆ ಮಲಗಿತ್ತು. ಯಾರು, ಎತ್ತ ಅಂತ ಮಾತಾಡಿಸಿದೆ." ಅಧ್ಯಕ್ಷರು ತಲೆಯಾಡಿಸಿದರು. ತಜ್ಞರು ಇನ್ನೂ ನೋಡುತ್ತಲೇ ಇದ್ದರು. ಇಷ್ಟಕ್ಕೆ ನಂಬುವ ಆಸಾಮಿಯಲ್ಲ, ಇನ್ನೇನಾದರೂ ಬೇಕು ಎಂದು ಅವಳು ತಡಕಾಡಿದಳು, ಕೈಗೆ ಸಿಕ್ಕಿದ್ದನ್ನು ಎತ್ತಿ ಕೊಟ್ಟಳು. "ಗಟ್ಟಿಯಾಗಿದ್ದಾರೆ. ಎತ್ತರದ ಹೆಂಗಸು. ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿಕೊಂಡಿದ್ರು. ಮಗು ಕೆಮ್ಮಿದ್ರೆ ಬೆನ್ನಿಗೆ ತಟ್ಟಲ್ಲ ಅವರು, ಅಂಗೈಯಿಂದ ಮೇಲಿಂದ ಕೆಳಕ್ಕೆ ನೀವ್ತಾರೆ." ಯಾರ ಬಗ್ಗೆ ಹೇಳುತ್ತಿದ್ದೇನೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಹೇಳಿಯಾಗಿತ್ತು. ಅದು ಅವಳ ಅತ್ತೆ, ಸತ್ತು ಎಷ್ಟೋ ಕಾಲವಾದ, ಅವಳ ಮಗಳನ್ನು ಬೆಳೆಸಿದ ಸ್ವಂತ ಅತ್ತೆ. ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಅತ್ತಳು ಎನ್ನುವ ಗಾದೆಯನ್ನು ಸಾವಿನ ಮನೆಯಲ್ಲಿ ಯಾರೋ ತಮಾಷೆಗೆ ಹೇಳಿದ್ದರು. ಅವಳು ಆರು ತಿಂಗಳಿಗೂ ಅತ್ತಿರಲಿಲ್ಲ, ಪ್ರಯೋಗ ನಡೆಯುತ್ತಿತ್ತು. ಮುಂದಿನದೂ ಬಾಯಿಗೆ ಬಂತು. "ಶಾಲೇಲಿ ಲೆಕ್ಕದ ಟೀಚರ್ ಆಗಿದ್ರಂತೆ. ಕ್ಲಾಸಿಗೆ ಬಂದ್ರೆ ಪಕ್ಕದ ಕ್ಲಾಸಿನ ಮಕ್ಕಳೂ ಕಿಟಕೀಲಿ ನಿಂತು ಕೇಳ್ತಿದ್ರಂತೆ. ಸೊಸೆ ಕೆಲಸಕ್ಕೆ ಹೋಗ್ಬೇಕು ಅಂತ ಬಿಟ್ಟುಬಿಟ್ರಂತೆ."

"ನೋಡಿದ್ರಾ," ಎಂದರು ಅಧ್ಯಕ್ಷರು, ಮನಸ್ಸು ತುಂಬಿ. "ಅಂಥ ಹೆಂಗಸರು ಇರೋದ್ರಿಂದಲೇ ನಡೀತಾ ಇದೆ ಲೋಕ." ಅವರು ಬರೆಯತೊಡಗಿದರು. ಹಳದಿ ಚೀಲದವಳ ಹೆಸರು ತಲೆಕೆಳಗಾಗಿ ಅವಳಿಗೆ ಕಾಣುತ್ತಿತ್ತು. ಬರೆದು ಮುಗಿಸಿ, ಹಾಳೆಯನ್ನು ತಜ್ಞರ ಮುಂದೆ ಸರಿಸಿದರು. ಅವಳಿಗೆ ತನ್ನ ಸಂದರ್ಶನದ ದಿನ ನೆನಪಾಯಿತು. ಆಗ ಕೇಳಬಾರದು ಎನ್ನುವ ನಿಯಮ ಇರಲಿಲ್ಲ, ಗಂಡಸರೇ ಕಾಲ ಮೇಲೆ ಕಾಲು ಹಾಕಿ ಕೇಳುತ್ತಿದ್ದರು. ಮಗು ಯಾರು ನೋಡ್ಕೋತಾರಮ್ಮ? ಅತ್ತೆ ಇದ್ದಾರೆ ಸರ್. ಪಟ್ಟನೆ ಹೇಳಿದ್ದಳು. ಮನೆಗೆ ಬಂದು ಕೆಲಸ ಸಿಕ್ಕ ಸುದ್ದಿ ಹೇಳಿದ ಮೇಲೆ, ನೀವೇ ನೋಡ್ಕೋತೀರಿ ಅಂತ ಹೇಳಿಬಂದಿದ್ದೀನಿ ಅತ್ತೆ ಎಂದಿದ್ದಳು, ನಗುತ್ತ. ಅತ್ತೆ ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಸರಿ ಎಂದಿದ್ದರು. ಒಳ್ಳೇದಾಗ್ಲಿ ಎಂದಿದ್ದರು. ಆ ತಿಂಗಳು ಮುಗಿಯುವುದರೊಳಗೆ ಶಾಲೆ ಬಿಟ್ಟಿದ್ದರು.

ತಜ್ಞರು ಸಹಿ ಹಾಕಿ ಹಾಳೆಯನ್ನು ಅವಳ ಕಡೆ ತಳ್ಳಿದರು. ಈಗ ಅವರ ಮುಖ ಮೆತ್ತಗಾಗಿತ್ತು, ಅವರಿಗೂ ಮನೆಯಲ್ಲಿ ಯಾರೋ ನೆನಪಾಗಿರಬೇಕು. "ಅಷ್ಟು ಒಳ್ಳೆ ಕೆಲಸ ಬಿಟ್ಟು ಮಗು ಹಿಡ್ಕೊಂಡು ಕೂರೋದು ಅಂದ್ರೆ," ಎಂದರು, "ಬೇಜಾರಾಗ್ಲಿಲ್ವಂತಾ ಅವರಿಗೆ? ಏನಂದ್ರು?"

ಅವಳು ಪೆನ್ನು ಹುಡುಕುತ್ತಿದ್ದಳು. ಆಡಳಿತಾಧಿಕಾರಿ ತನ್ನದನ್ನೇ ಕೊಟ್ಟ.

"ಅದನ್ನ ನಾನು ಕೇಳ್ಲಿಲ್ಲ," ಎಂದಳು.